ಕಂಪನಿ ಕಟ್ಟಲು ಬೆಂಗಳೂರಿಗೇ ಬರಬೇಕೇ?

ಇಂಜಿನಿಯರಿಂಗ್ ಮುಗಿಸಿ ಸ್ವಂತ ಕಂಪನಿಯ ಕನಸು ಕಾಣುವ ಹುಡುಗ ಹುಡುಗಿಯರು ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು: ಬೆಂಗಳೂರಿಗೇ ಬರಬೇಕೇ, ಹೈದರಾಬಾದ್ ಅಥವಾ ಚೆನ್ನೈ ಆದೀತೇ, ಇಲ್ಲ ಹುಬ್ಬಳ್ಳಿಯಲ್ಲೇ ಇದ್ದುಬಿಡಬಹುದೇ? ಬಾಡಿಗೆ, ಟ್ರಾಫಿಕ್ಕು, ಹವೆಗಳ ಲೆಕ್ಕವನ್ನು ಅವರು ಹಾಕಿಕೊಂಡೇ ಬಂದಿರುತ್ತಾರೆ. ನಾನು ಕೇಳುವುದು ಒಂದೇ: ಎರಡನೆಯ ವರ್ಷ ನಿಮಗೆ ಎಂಥವರು ಬೇಕಾಗುತ್ತಾರೆ, ಅವರು ಈಗ ಯಾವ ಊರಿನಲ್ಲಿ ಕೆಲಸದಲ್ಲಿದ್ದಾರೆ?

ಬೆಂಗಳೂರಿನ ಬಲವೆಂದರೆ ಕೆಲಸ ಬಿಟ್ಟು ಹೊರಬರುವ ಜನ. 2007ರಲ್ಲಿ ಕೋರಮಂಗಲದಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್‌ನಲ್ಲಿ ಪಳಗಿದವರೇ 2015ರಲ್ಲಿ ಫೋನ್‌ಪೇ, 2016ರಲ್ಲಿ ಅಂಗಡಿಗಳಿಗೆ ಸಗಟು ಮಾರಾಟದ ಉಡಾನ್ ಕಟ್ಟಿದರು. ದಿನಕ್ಕೆ ನೂರು ಆರ್ಡರ್ ಇದ್ದದ್ದು ಹತ್ತು ಸಾವಿರವಾದಾಗ ಸಾಫ್ಟ್‌ವೇರ್ ಎಲ್ಲಿ ಕುಸಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಇಲ್ಲಿ ಸಿಗುತ್ತಾರೆ. ನಿಮ್ಮ ಕಂಪನಿ ಮುಚ್ಚಿಹೋದರೂ ಪಕ್ಕದ ರಸ್ತೆಯಲ್ಲೇ ಮತ್ತೊಂದು ಕೆಲಸ ಸಿಕ್ಕೀತೆಂಬ ಧೈರ್ಯದಿಂದಲೇ ಅವರು ನಿಮ್ಮ ಬಳಿಗೆ ಬರುತ್ತಾರೆ. ಈ ಧೈರ್ಯವನ್ನು ಯಾವ ಸರ್ಕಾರವೂ ಕಟ್ಟಡ ಕಟ್ಟಿ ಕೊಡಲಾರದು.

ಹಾಗೆಂದು ಇದು ಬೆಂಗಳೂರಿಗೆ ಮಾತ್ರ ಒಲಿದ ಭಾಗ್ಯವೇನಲ್ಲ. ಚೆನ್ನೈನಲ್ಲಿ ಸಾಫ್ಟ್‌ವೇರ್ ಕಂಪನಿ ಜೊಹೊ ಬಿಟ್ಟ ಗಿರೀಶ್ ಮಾತೃಭೂತಂ 2010ರಲ್ಲಿ ಆರಂಭಿಸಿದ ಕಂಪನಿ, ಇಂದಿನ ಫ್ರೆಶ್‌ವರ್ಕ್ಸ್, 2021ರಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್ ತಲುಪಿತು. ವಿದೇಶಿ ಕಂಪನಿಗಳಿಗೆ ಸಾಫ್ಟ್‌ವೇರ್ ಮಾರುವವರಿಗೆ ಆ ಊರನ್ನೇ ಹೇಳುತ್ತೇನೆ. ಹೈದರಾಬಾದಿನ ಮಾತೆತ್ತಿದರೆ ಎಲ್ಲರೂ 1998ರ ಐಟಿ ಕಟ್ಟಡ ಸೈಬರ್ ಟವರ್ಸ್, ಹೊಸ ಕಂಪನಿಗಳಿಗೆಂದು ಸರ್ಕಾರ ನೆರವಾಗಿ ತೆರೆದ 2015ರ ಟಿ-ಹಬ್ ಎನ್ನುತ್ತಾರೆ. ನನ್ನ ಕಣ್ಣಿಗೆ ಆ ಊರಿನ ನಿಜವಾದ ಆಳ ಇರುವುದು ಔಷಧಿ ಉದ್ಯಮದಲ್ಲಿ. ಸರ್ಕಾರಿ ಔಷಧ ಕಾರ್ಖಾನೆ ಐಡಿಪಿಎಲ್‌ನಲ್ಲಿ ದುಡಿದಿದ್ದ ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಸ್ಥಾಪಿಸಿದ್ದನ್ನು ನೆನೆದರೆ, ಅಲ್ಲಿಯೂ ನಡೆದದ್ದು ಇದೇ ಕಥೆ ಎಂದು ತಿಳಿಯುತ್ತದೆ.

ಇನ್ನು ಹುಬ್ಬಳ್ಳಿ. ನನ್ನ ಪರಿಚಯದ ಒಬ್ಬರು ಅಲ್ಲಿ ಬೋರ್‌ವೆಲ್ ಪಂಪನ್ನು ಮೊಬೈಲಿನಿಂದ ನಡೆಸುವ ಪೆಟ್ಟಿಗೆ ತಯಾರಿಸುತ್ತಾರೆ. ಹಾವೇರಿ ಕಡೆಯ ರೈತರು ಕೆಟ್ಟ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲೇ ಅವರ ಬಾಗಿಲಿಗೆ ತರುತ್ತಿದ್ದರು. ಬಿಚ್ಚಿ ನೋಡಿದರೆ ಒಂದರಲ್ಲಿ ವೋಲ್ಟೇಜ್ ಏರಿಳಿತಕ್ಕೆ ಕಪ್ಪಾದ ರಿಲೇ ಸ್ವಿಚ್ಚು, ಇನ್ನೊಂದರಲ್ಲಿ ಒಳಗೆ ಗೂಡು ಕಟ್ಟಿದ ಇರುವೆ. ಕೋರಮಂಗಲದಲ್ಲಿ ಕುಳಿತಿದ್ದರೆ ಇರುವೆಯ ಸಂಗತಿ ಅವರಿಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೆ ಬಿಡಿಭಾಗ ತೀರಿದಾಗಲೆಲ್ಲ ರಾತ್ರಿ ರೈಲು ಹತ್ತಿ, ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲಬೇಕಾಗುತ್ತಿತ್ತು. ತರಬೇತಿ ಕೊಟ್ಟು ತಯಾರು ಮಾಡಿದ ಇಬ್ಬರು ಪ್ರೋಗ್ರಾಮರುಗಳೂ ಎರಡೇ ವರ್ಷದಲ್ಲಿ ಬೆಂಗಳೂರಿನ ಹಾದಿ ಹಿಡಿದರು. ನನ್ನ ಪರಿಚಯದವರು ಬೈಯಲಿಲ್ಲ, ಅದೇ ಇಬ್ಬರಿಗೆ ಬೆಂಗಳೂರಿನಿಂದಲೇ ಅರೆಕಾಲಿಕ ಕೆಲಸ ಒಪ್ಪಿಸಿ, ತಾವು ಮಾತ್ರ ಹುಬ್ಬಳ್ಳಿಯಲ್ಲಿ ಗೋಣಿಚೀಲ ಬಿಚ್ಚುತ್ತ ಉಳಿದರು.