ಎದುರಿಗೇ ನಿಂತ ಬಾಬಣ್ಣ

"ಕಾಕಾ, ಮಶೀನ್ ಘೇತ್ ನಾಹೀ."

"ಮೈ ತೋ ಖಡಾ ಹೂಂ ನಾ ಇಧರ್?"

ಮಂಗಳವಾರದಿಂದ ಈ ಎರಡು ಮಾತು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. ಮಶೀನ್ ತೆಗೆದುಕೊಳ್ಳುತ್ತಿಲ್ಲ ಎನ್ನುವ ಮೊದಲನೆಯದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಒಂದು ಬ್ಯಾಂಕಿನ ಕೌಂಟರಿನ ಹುಡುಗಿಯದು. ನಾನು ಇಲ್ಲೇ ನಿಂತಿದ್ದೇನಲ್ಲ ಎನ್ನುವ ಎರಡನೆಯದು ನಮ್ಮ ಬಿಲ್ಡಿಂಗಿನ ಬಾಬಣ್ಣನದು. ಪೆನ್ಶನ್ ನಿಂತಿದೆ, ಯಾಕೆ ಅಂತ ಯಾರೂ ಸರಿಯಾಗಿ ಹೇಳುತ್ತಿಲ್ಲ ಎಂದು ಅವರ ಹೆಂಡತಿ ಗಿರಿಜಕ್ಕ ನಮ್ಮ ಮನೆಗೆ ಬಂದು ಕಣ್ಣಲ್ಲಿ ನೀರು ಹಾಕಿದ ಮೇಲೆ ನಾನು ರಜೆ ಹಾಕಿ ಅವರ ಜೊತೆ ಹೋಗಿದ್ದೆ.

ಕಾರಣ ದೊಡ್ಡದೇನಲ್ಲ. ಪೆನ್ಶನ್ ಪಡೆಯುವವರು ಬದುಕಿದ್ದಾರೆ ಎಂದು ತೋರಿಸುವ ಲೈಫ್ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಪಿಎಫ್ ಪೆನ್ಶನಿನವರು ಅದನ್ನು ವರ್ಷದಲ್ಲಿ ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ನವೆಂಬರಿನಲ್ಲೇ ಕೊಡಬೇಕು ಎಂದು ಬಾಬಣ್ಣನಂಥ ಎಷ್ಟೋ ಜನ ಇನ್ನೂ ನಂಬಿದ್ದಾರೆ. ಅವರಿಗೆ ಅದನ್ನು ತಿಳಿಸಿ ಹೇಳುವ ಒಂದು ಕಾಗದ ಆ ಶಾಖೆಯ ಗೋಡೆಯ ಮೇಲೆ ಎಲ್ಲೂ ಇಲ್ಲ. ಕ್ರೆಡಿಟ್ ಕಾರ್ಡಿನ ಪೋಸ್ಟರ್ ಮಾತ್ರ ಬಾಗಿಲಿನಿಂದ ಕೌಂಟರಿನವರೆಗೂ ಇದೆ.

ಹುಡುಗಿ ಕಪ್ಪು ಬಣ್ಣದ ಪುಟ್ಟ ಮಶೀನನ್ನು ಕಿಟಕಿಯ ಕಂಡಿಯಿಂದ ಈಚೆಗೆ ತಳ್ಳಿದಳು. ಬಾಬಣ್ಣ ಬಲಗೈ ಹೆಬ್ಬೆಟ್ಟು ಇಟ್ಟರು. ಕೆಂಪು ದೀಪ ಹತ್ತಿತು, ಸ್ವಲ್ಪ ಹೊತ್ತು ತಿರುಗಿತು, ಪರದೆಯ ಮೇಲೆ 300 ಎಂದು ಬಂತು. ಬೆರಳಿನ ಗುರುತು ಹೊಂದಲಿಲ್ಲ ಎನ್ನುವುದಕ್ಕೆ ಆಧಾರ್ ವ್ಯವಸ್ಥೆಯಲ್ಲಿ ಇರುವ ನಂಬರ್ ಅದು. ಎಡಗೈ ಇಟ್ಟರು. 300. ತೋರುಬೆರಳು, ನಡುಬೆರಳು. ಕರವಸ್ತ್ರದಲ್ಲಿ ಒರೆಸಿ ನೋಡಿದರು. ಹಿಂದೆ ನಿಂತಿದ್ದ ಮರಾಠಿ ಅಜ್ಜಿ, ಹಣೆಗೆ ತಿಕ್ಕಿ ಇಡಿ, ಎಣ್ಣೆ ಪಸೆ ಹತ್ತಿದರೆ ಹಿಡಿಯುತ್ತದೆ ಎಂದು ತನ್ನ ಹಣೆಗೇ ಬೆರಳು ತಿಕ್ಕಿ ತೋರಿಸಿದಳು. ಅದೂ ಆಯಿತು. ಹುಡುಗಿ ಆಗ ಹೇಳಿದ್ದು ಆ ಮಾತು. "ಕಾಕಾ, ಮಶೀನ್ ಘೇತ್ ನಾಹೀ."

ಬಾಬಣ್ಣ ಜಗಳದವರಲ್ಲ. ದನಿ ಏರಿಸಲೂ ಇಲ್ಲ. ಗಾಜಿನ ಆಚೆ ಕೂತವಳ ಮುಖವನ್ನೇ ನೋಡಿ, ನಿಜವಾಗಿಯೂ ಉತ್ತರ ಬೇಕಾದವರ ಹಾಗೆ ಕೇಳಿದರು, "ಮೈ ತೋ ಖಡಾ ಹೂಂ ನಾ ಇಧರ್?"

ಅವಳು ಏನೂ ಹೇಳಲಿಲ್ಲ. ಮಶೀನನ್ನು ಒಳಗೆ ಎಳೆದುಕೊಂಡು ಆಧಾರ್ ಸೆಂಟರಿಗೆ ಹೋಗಿ ಬೆರಳು ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ ಅಂದಳು.

ಆ ಬೆರಳುಗಳ ವಿಷಯ ಹೇಳಲೇಬೇಕು. ಬಾಬಣ್ಣ ಕಾರ್ಕಳ ಕಡೆಯ ಹಳ್ಳಿಯಿಂದ ಸಣ್ಣ ಪ್ರಾಯದಲ್ಲೇ ಬೊಂಬಾಯಿಗೆ ಬಂದವರು. ಫೋರ್ಟಿನ ಹೋಟೆಲಿನಲ್ಲಿ ಹಗಲು ಗ್ಲಾಸು ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತು ಏಳನೇ ಕ್ಲಾಸಿನವರೆಗೆ ಓದಿದರು. ಆಮೇಲೆ ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಸೇರಿ, ಅದು ಬೀಗ ಹಾಕುವವರೆಗೂ ದೋಸೆ ಕಾವಲಿಯ ಮುಂದೆ ನಿಂತರು. ಕಾವಲಿ ಕಾದಿದೆಯೇ ಎಂದು ನೋಡುವುದು ನೀರು ಚಿಮುಕಿಸಿ. ದೋಸೆಯ ಅಂಚು ಎಬ್ಬಿಸುವುದು ಮಾತ್ರ ಬರಿ ಬೆರಳಿನಲ್ಲೇ, ಸಟ್ಟುಗ ಹುಡುಕುತ್ತಾ ಕೂತರೆ ಶಿಫ್ಟಿನವರಿಗೆ ತಿಂಡಿ ಆಗುವುದಿಲ್ಲ ಅಂತಾರೆ. ಸಂಜೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಪಾತ್ರೆಗಳು. ನಾನು ಆ ದಿನ ರಿಕ್ಷಾದಲ್ಲಿ ಅವರ ಕೈ ಹಿಡಿದು ನೋಡಿದೆ. ಹೆಬ್ಬೆಟ್ಟಿನ ತುದಿ ನುಣ್ಣಗೆ ಹೊಳೆಯುತ್ತದೆ. ಸುತ್ತು ಸುತ್ತಾಗಿ ಗೆರೆ ಇರಬೇಕಾದಲ್ಲಿ ಅಡ್ಡಡ್ಡ ಬಿರುಕು, ಬಿರುಕಿನೊಳಗೆ ಹಳೇ ಕಪ್ಪು. ತೋರುಬೆರಳಿನ ಒಂದು ಪಕ್ಕ ಸುಟ್ಟು ಮಾಗಿ ಗಟ್ಟಿಯಾಗಿದೆ. ಅಲ್ಲಿ ಚಿವುಟಿದರೂ ಗೊತ್ತಾಗುವುದಿಲ್ಲ ಎಂದರು.

ಈ ಕೈಯ ದುಡಿಮೆಗೆ ಬರುವ ಪೆನ್ಶನ್ ತಿಂಗಳಿಗೆ ಸಾವಿರ ರೂಪಾಯಿ. 1995ರ ನವೆಂಬರಿನಲ್ಲಿ ಶುರುವಾದ ಇಪಿಎಸ್-95 ಎಂಬ ಪಿಎಫ್ ಪೆನ್ಶನ್ ಯೋಜನೆಯಲ್ಲಿ ಕನಿಷ್ಠ ಪೆನ್ಶನ್ ಸಾವಿರ ಎಂದು ನಿಗದಿಯಾದದ್ದು 2014ರ ಸೆಪ್ಟೆಂಬರ್ 1ರಿಂದ. ಹತ್ತು ವರ್ಷ ದಾಟಿದರೂ ಅದು ಒಂದು ರೂಪಾಯಿ ಮೇಲೇರಿಲ್ಲ. ಏಳೂವರೆ ಸಾವಿರ ಮಾಡಿ, ಮೇಲೆ ತುಟ್ಟಿಭತ್ಯೆ ಕೊಡಿ ಎಂದು ಮುದುಕರು ದಿಲ್ಲಿಯ ಜಂತರ್ ಮಂತರಿನಲ್ಲಿ ಮತ್ತೆ ಮತ್ತೆ ಕೂತಿದ್ದಾರೆ. ಇಲ್ಲೇ ಮಹಾರಾಷ್ಟ್ರದ ಬುಲಢಾಣಾದಲ್ಲಿ ವರ್ಷಗಟ್ಟಲೆ ಸರದಿ ಉಪವಾಸ ಮಾಡಿದ್ದಾರೆ. ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಬಂದು ನೋಡೋಣ ಎಂದು ಹೋಗುತ್ತಾರೆ. ಗಿರಿಜಕ್ಕನ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ರೇಶನ್ ಅಂಗಡಿಯ ಹಿಂದಿನ ಬಾಕಿ, ಅಷ್ಟಕ್ಕೆ ಆ ಸಾವಿರ ಮುಗಿಯುತ್ತದೆ. ಅದೇ ನಿಂತಾಗ ಮಾತ್ರೆಯನ್ನು ದಿನ ಬಿಟ್ಟು ದಿನ ತಿನ್ನುತ್ತಿದ್ದರಂತೆ. ಮಗ ಇದ್ದಾನೆ, ವಾಪಿಯಲ್ಲಿ. ಅವನ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಕೌಂಟರಿನ ಹುಡುಗಿ ಕೆಟ್ಟವಳಲ್ಲ. ಅವಳ ಪ್ರಾಯ ನೋಡಿದರೆ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಕ್ಕಿಲ್ಲ. ನಾಲ್ಕಾರು ಬಾರಿ ಬೆರಳು ಇಡಿಸಿದಳು, ಬೇಸರಪಟ್ಟುಕೊಳ್ಳಲಿಲ್ಲ, ನೀರು ಬೇಕಾ ಎಂದೂ ಕೇಳಿದಳು. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಬಾಬಣ್ಣನನ್ನು ಅವಳು ಬಲ್ಲಳು. ಪಾಸ್‌ಬುಕ್ಕಿನಲ್ಲಿ ಫೋಟೋ ಇದೆ, ಆಧಾರ್ ಕಾರ್ಡಿನಲ್ಲಿ ಫೋಟೋ ಇದೆ, ಮನುಷ್ಯ ಎದುರಿಗೇ ನಿಂತು ಉಸಿರಾಡುತ್ತಿದ್ದಾನೆ, ಮಾತಾಡುತ್ತಿದ್ದಾನೆ. ಹೌದು, ಇವರು ಇದ್ದಾರೆ, ನಾನು ನೋಡಿದೆ ಎಂದು ಬರೆಯಲು ಅವಳ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. ಓದಿ ಪರೀಕ್ಷೆ ಬರೆದು ಬ್ಯಾಂಕಿನ ಕುರ್ಚಿಗೆ ಬಂದ ಹುಡುಗಿಯ ಎರಡು ಕಣ್ಣಿಗೆ ಆ ಕುರ್ಚಿಯಲ್ಲಿ ಬೆಲೆಯಿಲ್ಲ. ಇದು ಬಾಬಣ್ಣನಿಗೆ ಮಾಡಿದ ಅವಮಾನ ಎಷ್ಟೋ, ಅವಳಿಗೆ ಮಾಡಿದ ಅವಮಾನವೂ ಅಷ್ಟೇ ಎಂದು ನನಗೆ ಅನಿಸುತ್ತದೆ.

ಇದೇ ಬ್ಯಾಂಕಿನ ಹೆಸರು ಹೇಳಿಕೊಂಡು ಬಾಬಣ್ಣನಿಗೆ ಫೋನ್ ಬರುತ್ತಿರುತ್ತದೆ, ಪರ್ಸನಲ್ ಲೋನ್ ಬೇಕಾ, ಇನ್ಶೂರೆನ್ಸ್ ಬೇಕಾ ಎಂದು. ಆಗ ಯಾರೂ ಬೆರಳು ಕೇಳುವುದಿಲ್ಲ.

ಬೆರಳು ಸವೆಯುತ್ತದೆ ಎನ್ನುವುದು ಹೊಸ ಸುದ್ದಿಯೂ ಅಲ್ಲ. 2018ರ ಮಾರ್ಚಿನಲ್ಲಿ ಆಧಾರ್ ಪ್ರಾಧಿಕಾರದ ಆಗಿನ ಮುಖ್ಯಸ್ಥ ಅಜಯ್ ಭೂಷಣ್ ಪಾಂಡೆಯವರೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ, ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಯಶಸ್ವಿಯಾಗುವುದು ಶೇಕಡಾ 88 ಎಂದು ಹೇಳಿದ್ದರು. ಬೆರಳು ಹೊಂದದಿದ್ದ ಮಾತ್ರಕ್ಕೆ ಸೌಲಭ್ಯ ತಪ್ಪಬಾರದು ಎಂದೂ ಹೇಳಿದ್ದರು. ನೂರರಲ್ಲಿ ಹನ್ನೆರಡು ಅಂದರೆ ಯಾರು? ಗಾರೆ ಕೆಲಸದವರು, ಪಾತ್ರೆ ತೊಳೆಯುವ ಹೆಂಗಸರು, ಗದ್ದೆಯವರು, ಪ್ರಾಯದವರು. ಕಂಪ್ಯೂಟರ್ ಮುಂದೆ ಕೂತು ದುಡಿಯುವ ನನ್ನ ಬೆರಳು ಯಾವ ಮಶೀನಿಗೂ ಇಟ್ಟ ಕೂಡಲೇ ಒಪ್ಪಿಗೆಯಾಗುತ್ತದೆ. ಹೆಚ್ಚು ದುಡಿದ ಕೈಗೇ ಹೆಚ್ಚು ಸಂಶಯ ಎಂಬ ಲೆಕ್ಕ ಇದು. ದೊಡ್ಡ ಕಚೇರಿಗಳಿಗೆ ಇದು ಗೊತ್ತಿದೆ, ಗೊತ್ತಿದ್ದೂ ಕೌಂಟರಿನವರೆಗೆ ತಲುಪಿಸಿಲ್ಲ.

ರಾತ್ರಿ ಮಲಗಿದಾಗ ನನಗೆ ಇನ್ನೊಂದು ನೆನಪಾಯಿತು. 2024ರ ನವೆಂಬರ್ 20ರಂದು ವಿಧಾನಸಭೆಗೆ ಮತದಾನ ಇತ್ತಲ್ಲ, ಆ ದಿನ ನಾನು ಬಾಬಣ್ಣನ ಹಿಂದೆಯೇ ಸಾಲಿನಲ್ಲಿದ್ದೆ. ಅಧಿಕಾರಿ ಕಾರ್ಡು ನೋಡಿದರು, ಮುಖ ನೋಡಿದರು, ಹೆಸರು ಜೋರಾಗಿ ಓದಿದರು, ಏಜೆಂಟರು ತಲೆಯಾಡಿಸಿದರು, ಎಡಗೈ ತೋರುಬೆರಳಿಗೆ ಶಾಯಿ ಬಿತ್ತು. 1962ರ ಚುನಾವಣೆಯಿಂದ ಈ ದೇಶಕ್ಕೆ ಆ ಶಾಯಿ ಮಾಡಿಕೊಡುತ್ತಿರುವುದು ನಮ್ಮ ಮೈಸೂರಿನ ಕಾರ್ಖಾನೆ. ಬಾಬಣ್ಣ ಅದನ್ನು ಹೊರಗೆ ಬಂದು ಎಲ್ಲರಿಗೂ ಹೇಳುತ್ತಿದ್ದರು, "ಇದು ನಮ್ಮ ಮೈಸೂರಿನದ್ದು, ಗೊತ್ತುಂಟಾ?" ಮೊನ್ನೆ 300 ಅನಿಸಿಕೊಂಡ ಬೆರಳುಗಳಲ್ಲಿ ಆ ಬೆರಳೂ ಒಂದು.

ಮತಗಟ್ಟೆಯಲ್ಲಿ ಯಾರಾದರೂ ಏಜೆಂಟ್ ಎದ್ದು ಈತ ಆ ಮನುಷ್ಯನಲ್ಲ ಎಂದು ತಕರಾರು ತೆಗೆಯಬಹುದು. ಅದಕ್ಕೆ 1961ರ ಚುನಾವಣಾ ನಿಯಮಗಳಲ್ಲಿ ದಾರಿ ಇದೆ. ತಕರಾರು ತೆಗೆದವನು ಮೊದಲು ಎರಡು ರೂಪಾಯಿ ಠೇವಣಿ ಇಡಬೇಕು. ಪುರಾವೆಯನ್ನೂ ಮೊದಲು ಅವನೇ ಕೊಡಬೇಕು. ಕೊಡಲಾಗದಿದ್ದರೆ ಮತದಾರನಿಗೆ ಮತ. ಸುಮ್ಮನೆ ಕಾಡಿಸಲು ಮಾಡಿದ ತಕರಾರಾದರೆ ಠೇವಣಿಯೂ ಹೋಯಿತು. ಎರಡು ರೂಪಾಯಿಗೆ ಈಗ ಚಾಕಲೇಟೂ ಸರಿಯಾಗಿ ಬರುವುದಿಲ್ಲ, ಆದರೆ ಆ ನಿಯಮ ಬರೆದವರ ಮನಸ್ಸು ದೊಡ್ಡದು. ಎದುರಿಗೆ ಬಂದು ನಿಂತವನನ್ನು ನಂಬುವುದರಿಂದ ಅವರು ಶುರುಮಾಡಿದರು. ಸಂಶಯಪಡುವವನ ಮೇಲೆ ಭಾರ ಹಾಕಿದರು. ಓದು ಬರಹ ಬಾರದವರೇ ಹೆಚ್ಚಿದ್ದ ದೇಶದಲ್ಲಿ, ಸರ್ಕಾರವನ್ನೇ ಕೂರಿಸುವ ಇಳಿಸುವ ಕೆಲಸಕ್ಕೆ ಇಷ್ಟು ನಂಬಿಕೆ ಸಾಕಾಯಿತು. ತಿಂಗಳಿಗೆ ಸಾವಿರ ರೂಪಾಯಿಗೆ ಅದು ಸಾಲುವುದಿಲ್ಲವೇ?

ಬ್ಯಾಂಕಿನಿಂದ ಹೊರಗೆ ಬರುವಾಗ ನಮಗೆ ದಾರಿ ತೋರಿಸಿದ್ದು ಬಾಗಿಲಲ್ಲಿ ನಿಂತಿದ್ದ ಸೆಕ್ಯೂರಿಟಿಯವ. ಬಿಹಾರದ ಹುಡುಗ. ಅಂಗಳಕ್ಕೆ ಇಳಿದು ಬಂದು ಹೇಳಿದ, ಮುಖ ತೋರಿಸಿಯೂ ಆಗುತ್ತದೆ ದೀದಿ, ಮೊಬೈಲಿನಲ್ಲಿ, ಎಷ್ಟೋ ಜನರಿಗೆ ಹೇಳಿದ್ದೇನೆ ಎಂದು. ಮುಖ ನೋಡಿ ದೃಢೀಕರಿಸುವ ವ್ಯವಸ್ಥೆ 2021ರ ನವೆಂಬರಿನಲ್ಲೇ ಬಂದಿದೆ, ಮರುವರ್ಷ ಪಿಎಫ್ ಪೆನ್ಶನಿನವರಿಗೂ ಕೊಟ್ಟಿದ್ದಾರೆ. ಕೌಂಟರಿನಲ್ಲಿ ಒಬ್ಬರೂ ಅದನ್ನು ಎತ್ತಲಿಲ್ಲ. ಆ ಹುಡುಗನಿಗೆ ಬ್ಯಾಂಕು ಸಂಬಳ ಕೊಡುವುದು ಬಾಗಿಲು ಕಾಯಲು. ಆ ಶಾಖೆಯಲ್ಲಿ ಆ ದಿನ ಬ್ಯಾಂಕಿನ ಕೆಲಸ ಮಾಡಿದವನು ಅವನೊಬ್ಬನೇ.

ಸಂಜೆ ಬಾಬಣ್ಣನ ಮನೆಯಲ್ಲಿ ಕೂತೆವು. ಎರಡು ಆ್ಯಪ್ ಬೇಕು, ಒಂದು ಆಧಾರಿನ ಮುಖದ್ದು, ಇನ್ನೊಂದು ಲೈಫ್ ಸರ್ಟಿಫಿಕೇಟನ್ನು ಆನ್‌ಲೈನಿನಲ್ಲಿ ಕೊಡುವ ಜೀವನ್ ಪ್ರಮಾಣದ್ದು. ಮೊದಲು ಆಪರೇಟರ್ ಎಂದು ನನ್ನ ಮುಖ, ನನ್ನ ಓಟಿಪಿ. ಆಮೇಲೆ ಅವರ ಪಿಪಿಒ, ಅಂದರೆ ಪೆನ್ಶನ್ ಆದೇಶದ ನಂಬರ್, ಖಾತೆ ನಂಬರ್. ಟ್ಯೂಬ್‌ಲೈಟಿನ ಬೆಳಕು ಅದಕ್ಕೆ ಸಾಲಲಿಲ್ಲ. ಬಾಬಣ್ಣನನ್ನು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ಫೋನ್ ಮುಖದ ಮಟ್ಟಕ್ಕೆ ಹಿಡಿದೆ. ಪರದೆಯಲ್ಲಿ ಒಂದು ವೃತ್ತ, ಅದರೊಳಗೆ ಮುಖ ಕೂರಬೇಕು, ಕಣ್ಣು ಮಿಟುಕಿಸಬೇಕು. ಅವರಿಗೆ ಒಂದು ಕಣ್ಣಿನ ಪೊರೆಯ ಆಪರೇಶನ್ ಆಗಿದೆ, ಇನ್ನೊಂದು ಬಾಕಿ. ಮಿಟುಕಿಸಿ ಅಂದರೆ ಗಟ್ಟಿಯಾಗಿ ಮುಚ್ಚಿಬಿಡುತ್ತಿದ್ದರು. ಗಿರಿಜಕ್ಕ ಪಕ್ಕದಲ್ಲಿ ನಿಂತು, "ಮೆಲ್ಲ ಮಾರಾಯ್ರೇ, ಫೋಟೋಕ್ಕೆ ಕೂತ ಹಾಗೆ ಕೂತುಕೊಳ್ಳಿ" ಎಂದು ಹೇಳಿಕೊಡುತ್ತಿದ್ದರು. ಕೊನೆಗೆ ವೃತ್ತ ಹಸಿರಾಯಿತು. ಮೆಸೇಜ್ ಬಂತು. ನಾನು ಓದಿ ಹೇಳಿದೆ. ಬಾಬಣ್ಣ ಸ್ಟೂಲಿನಿಂದ ಏಳದೆ ಕೇಳಿದರು, "ಅಲ್ಲ ಮಾರಾಯ್ತಿ, ಇದನ್ನು ಆ ಹುಡುಗಿ ಅಲ್ಲೇ ಮಾಡ್ಲಿಕ್ಕೆ ಆಗ್ತಿರ್ಲಿಲ್ವಾ?"

ಆಗುತ್ತಿತ್ತು. ಅದಕ್ಕೇ ಈ ಸಿಟ್ಟು ಇಳಿಯುತ್ತಿಲ್ಲ. 2014ರ ನವೆಂಬರ್ 10ರಂದು ಜೀವನ್ ಪ್ರಮಾಣ ಶುರುಮಾಡಿದ್ದೇ ಪ್ರಾಯದವರು ಕಚೇರಿಗಳಿಗೆ ಅಲೆಯುವುದು ತಪ್ಪಲಿ ಎಂದು. ಒಳ್ಳೆಯ ಯೋಜನೆ, ನಾನು ಅದನ್ನು ದೂರುವುದಿಲ್ಲ. ಪುಣೆಯಲ್ಲಿರುವ ನನ್ನ ಚಿಕ್ಕಮ್ಮ ಮನೆಯ ಸೋಫಾದಲ್ಲೇ ಕೂತು ಮುಗಿಸುತ್ತಾರೆ, ಮಗಳು ಸಾಫ್ಟ್‌ವೇರಿನಲ್ಲಿದ್ದಾಳೆ. ಒಳ್ಳೆಯ ಫೋನ್ ಇರುವ, ಇಂಗ್ಲಿಷ್ ಓದಬಲ್ಲ, ರಜೆ ಹಾಕಬಲ್ಲ ಯಾರೋ ಒಬ್ಬರು ಮನೆಯಲ್ಲೋ ಪಕ್ಕದಲ್ಲೋ ಇದ್ದರೆ ಎಲ್ಲವೂ ಸುಲಭ. ಅವರು ಇಲ್ಲದ ಮನೆಗಳಿಗೆ ಸರ್ಕಾರ ಏನು ಮಾಡುತ್ತದೆ ಎನ್ನುವುದನ್ನು ನಾನು ಕೇಳುತ್ತಲೇ ಇರುತ್ತೇನೆ. ಶಾಖೆಯ ಮ್ಯಾನೇಜರಿಗೆ ಬುಧವಾರ ಪತ್ರ ಬರೆದು ಕೈಯಾರೆ ಕೊಟ್ಟು ಸಹಿ ಹಾಕಿಸಿಕೊಂಡು ಬಂದಿದ್ದೇನೆ. ಬೆರಳು ಹಿಡಿಯದಿದ್ದರೆ ಮುಖದಿಂದ ಆಗುತ್ತದೆ ಎಂದು ಮರಾಠಿ, ಹಿಂದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಕೌಂಟರಿನಲ್ಲೇ ಅದನ್ನು ಮಾಡಿಕೊಡಿ ಎಂದು ಕೇಳಿದ್ದೇನೆ. ಅವರು ಮೇಲಿನವರಿಗೆ ಕಳಿಸುತ್ತೇನೆ ಎಂದಿದ್ದಾರೆ. ಕನ್ನಡದಲ್ಲಿ ನಾನೇ ಬರೆದುಕೊಡುತ್ತೇನೆ ಎಂದೂ ಹೇಳಿ ಬಂದೆ. ಈ ಊರಿನಲ್ಲಿ ನಮ್ಮ ಹೋಟೆಲು, ಕ್ಯಾಂಟೀನುಗಳಲ್ಲಿ ಕೈ ಸವೆಸಿದವರು ಕಡಿಮೆ ಇಲ್ಲ.

ನಿನ್ನೆ ಬಾಬಣ್ಣ ಇನ್ನೊಂದು ವಿಷಯ ಹೇಳಿದರು. ಅದೇ ಕ್ಯಾಂಟೀನಿನಲ್ಲಿ ಪಾತ್ರೆಗೆ ಇದ್ದ ಅವರ ಜೊತೆಗಾರರೊಬ್ಬರು ಈಗ ಠಾಣೆ ಪಕ್ಕದ ಕಳವಾ ಎಂಬಲ್ಲಿದ್ದಾರೆ. ಬೆರಳು ಬರಲಿಲ್ಲ ಎಂದು ವಾಪಸು ಕಳಿಸಿದ ಮೇಲೆ ಅವರು ಮತ್ತೆ ಬ್ಯಾಂಕಿನ ಮೆಟ್ಟಿಲು ಹತ್ತಿಲ್ಲ. ಪೆನ್ಶನ್ ಮುಗಿದೇ ಹೋಯಿತು ಎಂದುಕೊಂಡಿದ್ದಾರೆ. ಹಾಗೇನಿಲ್ಲ, ಸರ್ಟಿಫಿಕೇಟ್ ಕೊಟ್ಟರೆ ನಿಂತ ತಿಂಗಳುಗಳದ್ದೂ ಸೇರಿ ಬರುತ್ತದೆ ಎಂದಾಗ ಬಾಬಣ್ಣ ನನ್ನೆದುರೇ ಅವರಿಗೆ ಫೋನ್ ಹಚ್ಚಿದರು. ಪಿಪಿಒ ಕಾಗದ, ಆಧಾರ್, ಪಾಸ್‌ಬುಕ್ ತೆಗೆದಿಡಲು ಹೇಳಿದೆವು. ಆಧಾರಿಗೆ ಕೊಟ್ಟ ಮೊಬೈಲ್ ನಂಬರ್ ಯಾರ ಹತ್ತಿರ ಇದೆ ಎಂದು ಅವರು ಇನ್ನೂ ಹುಡುಕುತ್ತಿದ್ದಾರೆ. ಭಾನುವಾರ ಬೆಳಕಿರುವಾಗಲೇ ಹೋಗಬೇಕು, ಅವರ ಖೋಲಿಗೆ ಕಿಟಕಿ ಇಲ್ಲವಂತೆ. ಹೊರಗೆ ಓಣಿಯಲ್ಲಿ ಕುರ್ಚಿ ಹಾಕಿ ಕೂರಿಸುವುದು ಎಂದು ಮಾತಾಗಿದೆ.