ಒಂದು ಟ್ಯೂನರ್, ಮೂರು ಆಂಪ್: ಮನೆಯ ಆಡಿಯೋ ಕೆಲಸ ಎಲ್ಲಿಗೆ ಬಂತು

ಶುರುವಿನ ಲೆಕ್ಕ

ಹಾಲ್‌ನಲ್ಲಿ ಒಂದು ಆಂಪ್ (ಆಂಪ್ಲಿಫೈಯರ್). ಅಡುಗೆಮನೆಯಲ್ಲಿ ಒಂದು ಚಿಕ್ಕದು. ಮಹಡಿ ಮೇಲೆ ಅಪ್ಪನ ಕೋಣೆಯಲ್ಲಿ ಇನ್ನೊಂದು. ಮೂರಕ್ಕೂ ಸಂಗೀತ ಒಂದೇ ಕಡೆಯಿಂದ ಹೋಗಬೇಕು. ಹಾಗೆ ಹಂಚುವ ಬೋರ್ಡ್ ಒಂದನ್ನು ಕಟ್ಟುತ್ತಿದ್ದೇನೆ. ಬೆಳಿಗ್ಗೆ ಎಫ್‌ಎಂ ಟ್ಯೂನರ್‌ನಲ್ಲಿ 100.1 ಅಮೃತವರ್ಷಿಣಿ, ಸಂಜೆ ಡ್ಯಾಕ್‌ನಿಂದ (ಡಿಜಿಟಲ್ ಹಾಡನ್ನು ಆಡಿಯೋ ಸಿಗ್ನಲ್ ಮಾಡುವ ಸಾಧನ) ನಮ್ಮ ಸಂಗ್ರಹದ ಸಂಗೀತ ಕಚೇರಿಗಳು. ಯಾವುದು ಬೇಕೋ ಅದನ್ನು ಆರಿಸಲು ಒಂದು ರೋಟರಿ ಸ್ವಿಚ್ ಇದೆ. ಬ್ಲೂಟೂತ್ ಬೇಡ ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಅದರಲ್ಲಿ ದನಿ ತಡವಾಗಿ ಬರುತ್ತದೆ. ಹಾಲ್‌ಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲದ ನಮ್ಮ ಮನೆಯಲ್ಲಿ ಒಂದೇ ಸ್ವರ ಎರಡೆರಡು ಸಲ ಕೇಳಿಸುತ್ತದೆ.

ಒಂದು ಸಿಗ್ನಲನ್ನು ಕವಲಾಗಿಸುವ ವೈ ಕೇಬಲ್ ಹಾಕಿದರೆ ಸಾಕಲ್ವಾ ಅಂತ ಕೇಳುವವರು ಜಾಸ್ತಿ. ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕು. ಸಾಕೋ ಇಲ್ಲವೋ ಅನ್ನುವುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ನನ್ನ ಹಾಲ್ ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ, ಕಡಿಮೆಯಾದಷ್ಟೂ ಹೊರೆ ಹೆಚ್ಚು) 47 ಕೆ ಓಮ್ (ಕೆ ಅಂದರೆ ಸಾವಿರ), ಮಹಡಿಯದು 22 ಕೆ, ಅಡುಗೆಮನೆಯದು 10 ಕೆ. ಮೂರನ್ನೂ ಪ್ಯಾರಲಲ್ ಆಗಿ ಸೇರಿಸಿದರೆ ಬರುವುದು 6 ಕೆ. ಡ್ಯಾಕ್‌ನ ಔಟ್‌ಪುಟ್ 100 ಓಮ್ ಇರುವುದರಿಂದ ಅದಕ್ಕೆ ಇದೇನೂ ದೊಡ್ಡ ಹೊರೆಯಲ್ಲ. ಕಡಿಮೆಯಾಗುವುದು 0.15 ಡೆಸಿಬೆಲ್ ಕೂಡ ಇಲ್ಲ, ಅಷ್ಟು ಕಿವಿಗೆ ತಿಳಿಯುವುದಿಲ್ಲ.

ಟ್ಯೂನರ್ ಕಥೆ ಬೇರೆ. ಮುಚ್ಚಳ ಬಿಚ್ಚಿ ನೋಡಿದರೆ ಔಟ್‌ಪುಟ್ ದಾರಿಯಲ್ಲಿ 2.2 ಕೆ ರೆಸಿಸ್ಟರ್, 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂತಿವೆ. ಹಾಲ್ ಆಂಪ್ ಒಂದೇ ಇದ್ದಾಗ ಬಾಸ್ ಇಳಿಯಲು ಶುರುವಾಗುವುದು ಸುಮಾರು 7 ಹರ್ಟ್ಜ್‌ನಲ್ಲಿ. ಮೂರೂ ಆಂಪ್ ಸೇರಿದರೆ ಅದು 41 ಹರ್ಟ್ಜ್‌ಗೆ ಏರುತ್ತದೆ. ಒಟ್ಟು ಮಟ್ಟವೂ ಎರಡು ಡೆಸಿಬೆಲ್‌ಗಿಂತ ಜಾಸ್ತಿ ಬೀಳುತ್ತದೆ. ಮಟ್ಟ ಬಿದ್ದರೆ ವಾಲ್ಯೂಮ್ ತಿರುಗಿಸಿ ಸರಿಮಾಡಬಹುದು. ಮೃದಂಗದ ಎಡಗೈ ನಾದ ಸೊರಗಿದರೆ ವಾಲ್ಯೂಮ್‌ನಿಂದ ಅದು ವಾಪಸ್ ಬರುವುದಿಲ್ಲ.

ಆಫ್ ಆಗಿರುವ ಆಂಪ್

ನನ್ನನ್ನು ನಿಜಕ್ಕೂ ಈ ಕೆಲಸಕ್ಕೆ ಹಚ್ಚಿದ್ದು ಇದು. ಪರೀಕ್ಷೆಗೆಂದು ಡ್ಯಾಕ್‌ನಿಂದ ನೇರವಾಗಿ ವೈ ಕೇಬಲ್‌ನಲ್ಲಿ ಹಂಚಿ ವೀಣೆ ಹಾಕಿದ್ದೆ. ಹಾಲ್‌ನಲ್ಲಿ ಚೆನ್ನಾಗಿ ಕೇಳುತ್ತಿತ್ತು. ಅಮ್ಮ ಅಡುಗೆ ಮುಗಿಸಿ ಅಲ್ಲಿನ ಆಂಪ್ ಆಫ್ ಮಾಡಿದರು. ಆ ಕ್ಷಣದಿಂದಲೇ ಹಾಲ್‌ನ ವೀಣೆಯ ಮೀಟು ಒರಟಾಯಿತು, ಜೋರಾದ ಮೀಟುಗಳು ಹರಿದ ಹಾಗೆ ಕೇಳಿದವು. ಮತ್ತೆ ಆನ್ ಮಾಡಿಸಿದೆ, ತಿಳಿಯಾಯಿತು.

ಕಾರಣ ಇಷ್ಟು. ಆಂಪ್ ಒಳಗಿನ ಐಸಿಯ (ಚಿಪ್‌ನ) ಇನ್‌ಪುಟ್‌ಗೆ ರಕ್ಷಣೆಗೆಂದು ಡಯೋಡ್‌ಗಳಿರುತ್ತವೆ, ಅವು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಅವು ಐಸಿಯ ಪವರ್ ಲೈನ್‌ಗಳಿಗೆ ಸೇರಿರುತ್ತವೆ. ಆಂಪ್ ಆನ್ ಇದ್ದಾಗ ಆ ಲೈನ್‌ಗಳು ಎತ್ತರದ ವೋಲ್ಟೇಜ್‌ನಲ್ಲಿರುತ್ತವೆ, ಹಾಗಾಗಿ ಡಯೋಡ್‌ಗಳು ಸುಮ್ನೆ ಇರುತ್ತವೆ. ಆಫ್ ಆದಾಗ ಲೈನ್ ಸೊನ್ನೆಗೆ ಇಳಿಯುತ್ತದೆ. ಆಗ ಸಿಗ್ನಲ್ 0.6 ವೋಲ್ಟ್ ದಾಟಿದ ಕೂಡಲೇ ಡಯೋಡ್ ತೆರೆದು ಕರೆಂಟ್ ಎಳೆಯುತ್ತದೆ. ಡ್ಯಾಕ್ ಪೂರ್ತಿ ಮಟ್ಟದಲ್ಲಿ 2 ವೋಲ್ಟ್ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಕೊಡುತ್ತದೆ, ಅಂದರೆ ತುದಿಯಲ್ಲಿ 2.8 ವೋಲ್ಟ್. ಆ ತುದಿಗಳೇ ತಗ್ಗುತ್ತವೆ. ಒಂದೇ ತಂತಿಯಲ್ಲಿರುವುದರಿಂದ ತಗ್ಗಿದ್ದು ಎಲ್ಲ ಆಂಪ್‌ಗೂ ಹೋಗುತ್ತದೆ.

ಕಿವಿಯೊಂದನ್ನೇ ನಂಬದೆ 1 ಕಿಲೋಹರ್ಟ್ಜ್ ಟೋನ್ ಹಾಕಿ ಹಾಲ್ ಆಂಪ್‌ನ ಇನ್‌ಪುಟ್‌ನಿಂದ ಕಂಪ್ಯೂಟರ್‌ನ ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿದೆ. ಅಡುಗೆಮನೆ ಆಂಪ್ ಆನ್ ಇದ್ದಾಗ ಸ್ಪೆಕ್ಟ್ರಮ್‌ನಲ್ಲಿ ಒಂದೇ ಗೆರೆ. ಆಫ್ ಮಾಡಿದರೆ 3 ಮತ್ತು 5 ಕಿಲೋಹರ್ಟ್ಜ್‌ನಲ್ಲಿ ಹೊಸ ಗೆರೆಗಳು ಎದ್ದವು, ಅದೇ ಆ ಒರಟುತನ.

ಇದನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಯಿತು. ಹಂಚುವುದರಿಂದ ದನಿ ಕೆಡುವುದಿಲ್ಲ. ಒಂದು ಆಂಪ್‌ನ ತೊಂದರೆ ಇನ್ನೊಂದಕ್ಕೆ ತಟ್ಟುವುದರಿಂದ ಕೆಡುತ್ತದೆ. ಹಾಗಾಗಿ ಪ್ರತಿ ಆಂಪ್‌ಗೂ ಅದರದೇ ಬಫರ್ ಬೇಕು, ಅಂದರೆ ಸಿಗ್ನಲನ್ನು ಹಾಗೇ ದಾಟಿಸಿ ಆಚೆಯ ಹೊರೆ ಈಚೆಗೆ ತಟ್ಟದಂತೆ ತಡೆಯುವ ಸರ್ಕ್ಯೂಟ್.

ಬೋರ್ಡ್

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್‌ನಲ್ಲಿ ಸಾಮಾನು ತಂದೆ. ಐಸಿ ಎನ್‌ಇ5532. ಹಳೆಯದು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, 600 ಓಮ್ ಹೊರೆಯನ್ನೂ ಆರಾಮಾಗಿ ಎಳೆಯುತ್ತದೆ. ಒಂದು ಐಸಿಯಲ್ಲಿ ಎರಡು ಆಪ್ ಆಂಪ್ (ಸಿಗ್ನಲ್ ನಿಭಾಯಿಸುವ ಚಿಕ್ಕ ಆಂಪ್ಲಿಫೈಯರ್) ಇರುವುದರಿಂದ ಎಡ ಮತ್ತು ಬಲಕ್ಕೆ ಸೇರಿ ಒಂದು ಔಟ್‌ಪುಟ್‌ಗೆ ಒಂದು ಐಸಿ ಸಾಕು. ನಾನು ನಾಲ್ಕು ಹಾಕಿದ್ದೇನೆ, ಒಂದು ಮುಂದಕ್ಕೆ ಇರಲಿ ಅಂತ. ಗೇನ್ ಇಲ್ಲ, ಬಂದಷ್ಟೇ ಹೊರಗೆ.

ಇನ್‌ಪುಟ್ ರೆಸಿಸ್ಟರ್ ಬಗ್ಗೆ ಸ್ವಲ್ಪ ಯೋಚನೆ ಬೇಕಾಯಿತು. ಸುಮ್ನೆ 100 ಕೆ ಹಾಕುವುದು ರೂಢಿ. ಆದರೆ 5532ರ ಪ್ರತಿ ಇನ್‌ಪುಟ್‌ಗೂ ಸುಮಾರು 200 ನ್ಯಾನೋ ಆಂಪಿಯರ್ ಬಯಾಸ್ ಕರೆಂಟ್ (ಕೆಲಸಕ್ಕೆ ಸದಾ ಬೇಕಾದ ಪುಟ್ಟ ಕರೆಂಟ್) ಬೇಕು. ನಾಲ್ಕು ಸೇರಿದರೆ 800. 100 ಕೆ ಮೇಲೆ ಅದು 80 ಮಿಲಿವೋಲ್ಟ್ ಡಿಸಿ ಆಗುತ್ತದೆ, ಅಂದರೆ ಸಿಗ್ನಲ್ ಜೊತೆ ಸೇರುವ ಬೇಡದ ಸ್ಥಿರ ವೋಲ್ಟೇಜ್. 22 ಕೆ ಹಾಕಿದರೆ 18ರ ಒಳಗೆ ನಿಲ್ಲುತ್ತದೆ. ಅದೇ ಹಾಕಿದೆ. 22 ಕೆ ಹೊರೆಯಲ್ಲಿ ಟ್ಯೂನರ್‌ನ ಬಾಸ್ ಇಳಿಯುವುದು 14 ಹರ್ಟ್ಜ್‌ನಲ್ಲಿ, ಅದು ಸಾಲದೇ ಇರುವುದೇನಲ್ಲ. ಬೋರ್ಡ್‌ನ ಇನ್‌ಪುಟ್‌ನಲ್ಲಿ ಬೇರೆ ಕೆಪಾಸಿಟರ್ ಇಲ್ಲ. ಟ್ಯೂನರ್‌ನಲ್ಲಿ ಆಗಲೇ ಒಂದಿದೆ, ಡ್ಯಾಕ್‌ನಿಂದ ಬರುವ ಡಿಸಿ ಅಳೆದು ನೋಡಿದೆ, ಇಲ್ಲ ಅನ್ನುವಷ್ಟಿದೆ.

ಔಟ್‌ಪುಟ್‌ನಲ್ಲಿ 220 ಓಮ್, ಆಮೇಲೆ 22 ಮೈಕ್ರೋಫ್ಯಾರಡ್ ನಾನ್‌ಪೋಲಾರ್ ಕೆಪಾಸಿಟರ್, ಅದರ ಆಚೆ ಗ್ರೌಂಡ್‌ಗೆ 100 ಕೆ. ಉದ್ದ ಕೇಬಲ್ ಸಿಕ್ಕಿಸಿದಾಗ ಐಸಿ ತಾನೇ ಆಸಿಲೇಟ್ ಆಗದಂತೆ (ಸಿಗ್ನಲ್ ಇಲ್ಲದೆಯೂ ತಾನಾಗಿ ಕಂಪಿಸದಂತೆ) 220 ಓಮ್ ನೋಡಿಕೊಳ್ಳುತ್ತದೆ. ಆಫ್ ಆದ ಆಂಪ್ ಎಳೆಯುವ ಕರೆಂಟ್‌ಗೂ ಅದೇ ಮಿತಿ ಹಾಕುತ್ತದೆ. ಪ್ರತಿ ಐಸಿಯ ಪವರ್ ಕಾಲಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇದೆ. ಇದನ್ನು ದೂರ ಹಾಕಿದರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಪವರ್‌ಗೆ ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್‌ಗಳು, ಪ್ಲಸ್ 12ಕ್ಕೆ 7812 ಮತ್ತು ಮೈನಸ್ 12ಕ್ಕೆ 7912. ಟ್ರಾನ್ಸ್‌ಫಾರ್ಮರ್ ಮಾತ್ರ 12-0-12 ಅಲ್ಲ, 15-0-15. ಸಂಜೆ ನಮ್ಮ ಬೀದಿಯಲ್ಲಿ ಕರೆಂಟ್ 190 ವೋಲ್ಟ್‌ಗೆ ಇಳಿಯುವುದುಂಟು. ಆಗ 12-0-12 ಇದ್ದರೆ ರೆಗ್ಯುಲೇಟರ್‌ಗೆ ಸಿಗುವುದು 13 ವೋಲ್ಟ್ ಚಿಲ್ಲರೆ, ಅದಕ್ಕೆ ಬೇಕಾದ್ದು 14. ಸಾಲದಿದ್ದರೆ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ನುಸುಳಿ ಹಮ್ (ಗುಂಯ್ ಸದ್ದು) ಆಗುತ್ತದೆ. ಕಟ್ಟುವವರು ಇನ್ನೊಂದು ಗಮನಿಸಬೇಕು. 7912ರ ಕಾಲುಗಳ ಕ್ರಮ 7812ರದಲ್ಲ, ಬೆನ್ನಿನ ಲೋಹವೂ ಗ್ರೌಂಡ್ ಅಲ್ಲ, ಇನ್‌ಪುಟ್. ಎರಡನ್ನೂ ಒಂದೇ ಹೀಟ್‌ಸಿಂಕ್‌ಗೆ ಕೂರಿಸುವುದಾದರೆ ಮೈಕಾ ಹಾಳೆ ಬೇಕೇ ಬೇಕು.

ಬೋರ್ಡ್ ಜೋಡಿಸಿ ಅದೇ 1 ಕಿಲೋಹರ್ಟ್ಜ್ ಪರೀಕ್ಷೆ ಮಾಡಿದೆ. ಅಡುಗೆಮನೆ ಆಂಪ್ ಆಫ್ ಮಾಡಿದೆ, ಆನ್ ಮಾಡಿದೆ, ಪಿನ್‌ನೇ ಕಿತ್ತೆ. ಹಾಲ್‌ನ ಗೆರೆ ಕದಲಲಿಲ್ಲ. ತುಂಬಾ ಖುಷಿಯಾಯಿತು.

ಮಹಡಿಯ ಹಮ್

ಮಹಡಿಯ ಆಂಪ್‌ಗೆ ಆರ್‌ಸಿಎ (ಮಾಮೂಲಿ ಆಡಿಯೋ) ಕೇಬಲ್ ಸಿಕ್ಕಿಸಿದರೆ 50 ಹರ್ಟ್ಜ್ ಗುಂಯ್ ಎನ್ನುತ್ತದೆ, ಕಿತ್ತರೆ ನಿಲ್ಲುತ್ತದೆ. ಇದು ಗ್ರೌಂಡ್ ಲೂಪ್. ಎರಡು ಕಡೆ ಎರಡು ಅರ್ಥಿಂಗ್ ದಾರಿ, ನಡುವೆ ಕೇಬಲ್‌ನ ಹೊರಜಾಲರಿ, ಈ ಸುತ್ತಿನಲ್ಲಿ ಹರಿಯುವ ಕರೆಂಟೇ ಹಮ್ ಆಗುತ್ತದೆ. ಬಫರ್‌ನಿಂದ ಇದು ಹೋಗುವುದಿಲ್ಲ.

ಮೂರು ಪಿನ್ ಪ್ಲಗ್‌ನ ಅರ್ಥ್ ಕಿತ್ತುಬಿಡು, ಹಮ್ ಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಯಾರೂ ಮಾಡಬೇಡಿ. ಆಂಪ್ ಒಳಗೆ ಏನಾದರೂ ಕೆಟ್ಟರೆ ಅದರ ಲೋಹದ ಪೆಟ್ಟಿಗೆಯಲ್ಲೇ 230 ವೋಲ್ಟ್ ಬಂದು ನಿಲ್ಲುತ್ತದೆ. ಹಾಡಿಗೋಸ್ಕರ ಮನೆಯವರ ಜೀವದ ಜೊತೆ ಆಟ ಬೇಡ.

ಎರಡು ಕಡೆಯ ಗ್ರೌಂಡ್ ಬೇರ್ಪಡಿಸುವ, ಕಾರಿಗೆ ಹಾಕುವ ಅಗ್ಗದ ಐಸೋಲೇಟರ್ ಒಂದನ್ನು ಹಾಕಿ ನೋಡಿದೆ. ಹಮ್ ಹೋಯಿತು, ಜೊತೆಗೆ ಬಾಸ್ ಕೂಡ. ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ನ ಕೋರ್ ಕೆಳಗಿನ ಸ್ವರಗಳಿಗೆ ಸಾಲುವುದಿಲ್ಲ.

ಆಮೇಲೆ ಬ್ಯಾಲೆನ್ಸ್ಡ್ ದಾರಿ ಹಿಡಿದೆ. ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆ. ಒಂದು ಹೆಣೆದ ಜೋಡಿ ಎಡಕ್ಕೆ, ಇನ್ನೊಂದು ಬಲಕ್ಕೆ. ಜೋಡಿಯ ಒಂದು ತಂತಿಯಲ್ಲಿ ಸಿಗ್ನಲ್. ಇನ್ನೊಂದರಲ್ಲಿ ಸಿಗ್ನಲ್ ಇಲ್ಲ, ಆದರೆ ಅದೂ ಅಷ್ಟೇ 220 ಓಮ್, ಅಷ್ಟೇ 22 ಮೈಕ್ರೋಫ್ಯಾರಡ್ ಮೂಲಕ ಗ್ರೌಂಡ್‌ಗೆ ಹೋಗುತ್ತದೆ. ಎರಡೂ ತಂತಿಯ ಇಂಪೀಡೆನ್ಸ್ ಸಮ ಇದ್ದರೆ ಹಮ್ ಎರಡಕ್ಕೂ ಸಮನಾಗಿ ಹತ್ತುತ್ತದೆ. ಮೇಲಿನ ಡಿಫರೆನ್ಷಿಯಲ್ ರಿಸೀವರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ, ಹಮ್ ಅಳಿದು ಸಿಗ್ನಲ್ ಉಳಿಯುತ್ತದೆ. ಮೂರನೇ ಜೋಡಿ 100 ಓಮ್ ಮೂಲಕ ಎರಡು ಕಡೆಯ ಗ್ರೌಂಡ್ ಸೇರಿಸುತ್ತದೆ. ರಿಸೀವರ್‌ಗೆ ಮಹಡಿಯಲ್ಲೇ ಬೇರೆ ಪವರ್.

ರಿಸೀವರ್ ಅಂದರೆ ಇನ್ನೊಂದು 5532 ಮತ್ತು ಪ್ರತಿ ಚಾನಲ್‌ಗೆ ನಾಲ್ಕು 10 ಕೆ ರೆಸಿಸ್ಟರ್. ಹಮ್ ಎಷ್ಟು ಅಳಿಯುತ್ತದೆ ಎನ್ನುವುದು ಈ ನಾಲ್ಕು ಎಷ್ಟು ಒಂದೇ ಥರ ಇವೆ ಎನ್ನುವುದರ ಮೇಲೆ ನಿಂತಿದೆ. 1 ಪರ್ಸೆಂಟ್‌ನವನ್ನು ಹಾಗೇ ಹಾಕಿದರೆ ಕೆಟ್ಟ ಲೆಕ್ಕದಲ್ಲಿ 34 ಡೆಸಿಬೆಲ್, 0.1 ಪರ್ಸೆಂಟ್ ಹೊಂದಿದರೆ 54. ಒಂದು ಇಡೀ ಪಟ್ಟಿ ರೆಸಿಸ್ಟರ್ ತಂದು ಮಲ್ಟಿಮೀಟರ್‌ನಲ್ಲಿ ಒಂದೊಂದೇ ಅಳೆದೆ. 9.97, 9.98, 9.99 ಎಂದು ಹಾಳೆಯ ಮೇಲೆ ಗುಂಪು ಮಾಡಿದೆ. ಬೆರಳಲ್ಲಿ ಹಿಡಿದರೆ ಬಿಸಿಗೂ ಬೆವರಿಗೂ ಅಂಕಿ ಸರಿಯುತ್ತದೆ, ಕ್ಲಿಪ್‌ಗೆ ಸಿಕ್ಕಿಸಿ ಸ್ವಲ್ಪ ಹೊತ್ತು ಬಿಟ್ಟು ಓದಬೇಕು. 9.98ರ ಗುಂಪಲ್ಲಿ ಎಂಟು ಸಿಕ್ಕವು.

ಈಗ ಅಪ್ಪನ ಸ್ಪೀಕರ್‌ಗೆ ಕಿವಿ ಇಟ್ಟರೂ ಹಮ್ ಇಲ್ಲ, ಆಂಪ್‌ನದೇ ಸಣ್ಣ ಸುಯ್ ಮಾತ್ರ. ಬಾಸ್ ಪೂರ್ತಿ ಇದೆ.

ಬಾಕಿ ಇರುವುದು

ಪೆಟ್ಟಿಗೆ ಇನ್ನೂ ಆಗಿಲ್ಲ, ಬೋರ್ಡ್ ಹಲಗೆಯ ಮೇಲಿದೆ. ಲೋಹದ ಪೆಟ್ಟಿಗೆ ಬಂದಾಗ ಟ್ರಾನ್ಸ್‌ಫಾರ್ಮರ್ ಒಂದು ತುದಿಗೆ, ಇನ್‌ಪುಟ್ ಇನ್ನೊಂದು ತುದಿಗೆ. ನಾಲ್ಕನೇ ಔಟ್‌ಪುಟ್ ಜಗಲಿಗೆ. ಅಲ್ಲಿ ಇರುವುದು ಒಂದೇ ಸ್ಪೀಕರ್, ಹಾಗಾಗಿ ಮೋನೋ ಬೇಕು. ಎಡ ಬಲ ನೇರವಾಗಿ ತಿರುಚಿ ಸೇರಿಸಿದರೆ ಎರಡು ಆಪ್ ಆಂಪ್‌ಗಳೂ ಒಂದಕ್ಕೊಂದು ಕರೆಂಟ್ ತಳ್ಳಿ ಕಾದಾಡುತ್ತವೆ. ಒಂದೊಂದಕ್ಕೆ 4.7 ಕೆ ಹಾಕಿ, ಆಚೆ ತುದಿಯಲ್ಲಿ ಸೇರಿಸುತ್ತೇನೆ. ರೆಸಿಸ್ಟರ್ ತಂದಿಟ್ಟಿದ್ದೇನೆ, ಕೇಬಲ್‌ಗೆ ಕಿಟಕಿ ಪಕ್ಕ ತೂತು ಕೊರೆಯಬೇಕು.