ನಿಲ್ಲಿಸೋದೇ ಕಷ್ಟ

ಭಾನುವಾರ, 9 ನವೆಂಬರ್ 2025
ಕುವೆಂಪುನಗರ, ಮೈಸೂರು

ನುಡಿಸಿದ್ದನ್ನು ಹಿಡಿದಿಟ್ಟು ಮರಳಿ ಕೇಳಿಸುವ ಯಂತ್ರ ಲೂಪರ್. ನನ್ನ ಪುಟ್ಟ ಲೂಪರ್‌ಗೆ ಇರೋದು ಒಂದೇ ಪೆಡಲ್. ಒಮ್ಮೆ ತುಳಿದರೆ ರೆಕಾರ್ಡಿಂಗ್ ಶುರು. ಇನ್ನೊಮ್ಮೆ ತುಳಿದರೆ ನುಡಿಸಿದ್ದೆಲ್ಲ ಮತ್ತೆ ಮತ್ತೆ ಕೇಳಿಸುತ್ತದೆ, ಅದೇ ಲೂಪ್. ಮೂರನೇ ಸಲ ತುಳಿದರೆ ಅದರ ಮೇಲೆ ಇನ್ನೊಂದು ಪದರ, ಅಂದರೆ ಓವರ್‌ಡಬ್. ಎರಡು ಸೆಕೆಂಡ್ ಒತ್ತಿ ಹಿಡಿದರೆ ಕೊನೆಯ ಪದರ ಅಳಿಸಿಹೋಗುತ್ತದೆ. ನಿಲ್ಲಿಸಬೇಕಾದರೆ ಪಟಪಟ ಎರಡು ಸಲ ತುಳಿಯಬೇಕು. ಕೇಳೋಕೆ ಸುಲಭ, ಅಲ್ವಾ?

ಅಕ್ಕನ ಮಗ ಗಿಟಾರ್ ಹಿಡಿದು ಬಂದಿದ್ದ. ಕಾಫಿ ನೆಪದಲ್ಲಿ ಪಕ್ಕದ ಬೀದಿಯ ಮೃದಂಗದ ಮೇಷ್ಟ್ರೂ ಬಂದರು. ನಿಮಿಷಕ್ಕೆ 80 ಅಕ್ಷರದ, ಅಂದರೆ ತಾಳದ 80 ಎಣಿಕೆಯ ವೇಗ, ಎಂಟಕ್ಷರದ ಆದಿತಾಳ. ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಸರಿಯಾಗಿ 6 ಸೆಕೆಂಡ್. ಎಂಟನೇ ಅಕ್ಷರಕ್ಕೆ ಮೇಷ್ಟ್ರು ತೊಡೆ ಮೇಲೆ ಅಂಗೈ ಮಗುಚಿದರು ನೋಡಿ, ಹುಡುಗ ಆಗಲೇ ಪೆಡಲ್ ತುಳಿದುಬಿಟ್ಟ. ಆದಿತಾಳ ಹೋಗಿ ಏಳಕ್ಷರದ್ದು ಏನೋ ಒಂದು ಆಯಿತು.

"ಎಂಟು ಮುಗೀಲಿ ಮರಿ. ಮತ್ತೆ ಒಂದು ಬರುತ್ತಲ್ಲ, ಆ ಏಟಿಗೆ ತುಳಿ" ಅಂದರು ಮೇಷ್ಟ್ರು. ಅವರು ಲೂಪರ್ ಮುಟ್ಟಿದವರೇ ಅಲ್ಲ. ಆದರೂ ಸಮಕ್ಕೆ, ಅಂದರೆ ಆವರ್ತದ ಮೊದಲ ಏಟಿಗೆ, ತೆರೆದು ಸಮಕ್ಕೇ ಮುಚ್ಚಬೇಕು ಅನ್ನೋದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತುಳಿದರೂ ಆವರ್ತ 6.1 ಸೆಕೆಂಡ್ ಆಗಿಹೋಗುತ್ತದೆ. ಗಿಟಾರ್ ಒಂದೇ ಇದ್ದರೆ ಯಾರಿಗೂ ಗೊತ್ತಾಗಲ್ಲ. ಮೃದಂಗ ಕೂಡಿತೋ, ಹತ್ತು ಆವರ್ತಕ್ಕೆ ಪೂರಾ ಒಂದು ಸೆಕೆಂಡ್ ವ್ಯತ್ಯಾಸ, ಒಂದು ಅಕ್ಷರಕ್ಕಿಂತ ಜಾಸ್ತಿ. ಜೊತೆಗೆ ಮನುಷ್ಯ ಇದ್ದರೆ ಮುಖ ನೋಡಿ ಹೊಂದಿಕೊಳ್ಳುತ್ತಾನೆ. ಪೆಡಲ್‌ಗೆ ಆ ದಾಕ್ಷಿಣ್ಯ ಇಲ್ಲ. ಹಾಗಾಗಿ ಮೇಷ್ಟ್ರೇ ಹೊಂದಿಕೊಂಡರು, ಮುಖ ಗಂಟು ಹಾಕಿಕೊಂಡು.

ನನ್ನ ತಕರಾರು ಮಾತ್ರ ನಿಲ್ಲಿಸುವುದರ ಬಗ್ಗೆ. ಎರಡು ಸಲ ತುಳಿಯಬೇಕು ಅಂದೆನಲ್ಲ, ಮೊದಲನೇ ತುಳಿತಕ್ಕೆ ಓವರ್‌ಡಬ್ ಶುರುವಾಗಿಬಿಟ್ಟಿರುತ್ತದೆ. ಲೂಪ್ ನಿಲ್ಲೋದು ಎರಡನೆಯದಕ್ಕೆ. ಅದು ಸಮಕ್ಕೆ ಬೀಳಬೇಕೆಂದರೆ ಮೊದಲನೆಯದನ್ನು ಅದಕ್ಕೂ ತುಸು ಮುಂಚೆ ತುಳಿಯಬೇಕು. ತಾಳ ಎಣಿಸುತ್ತಾ, ತಂತಿ ಮೀಟುತ್ತಾ, ಒಂಟಿ ಕಾಲಲ್ಲಿ ಈ ಸರ್ಕಸ್ ಯಾಕೆ? ಹೊರಗಿನಿಂದ ಒಂದು ಫುಟ್‌ಸ್ವಿಚ್ ಸಿಕ್ಕಿಸಿ ಅದನ್ನು ಬರೀ ಸ್ಟಾಪ್‌ಗೆ ಮೀಸಲಿಟ್ಟಿದ್ದೇನೆ. ತುಳಿದಾಗಷ್ಟೇ ಕೆಲಸ ಮಾಡುವ ಮೊಮೆಂಟರಿ ಬಗೆಯದು. ಒಮ್ಮೆ ಒತ್ತಿದರೆ ಹಾಗೇ ಕೂರುವ ಲ್ಯಾಚ್ ಬಗೆಯದು ಇದಕ್ಕೆ ಬೇಡ.

ಈ ತೊಂದರೆ ಇಲ್ಲದ ಲೂಪರ್‌ಗಳೂ ಇವೆ. 2013ರಲ್ಲಿ ಬಂದ ಬಾಸ್ ಕಂಪನಿಯ ಆರ್‌ಸಿ-505 ಮೇಜಿನ ಮೇಲಿಟ್ಟು ಕೈಯಲ್ಲೇ ಆಡಿಸುವ ಯಂತ್ರ. ಐದು ಟ್ರ್ಯಾಕ್, ಅಂದರೆ ಐದು ಬೇರೆ ಬೇರೆ ಲೂಪ್. ಹೇಗೆ ನಿಲ್ಲಬೇಕು ಅಂತ ಮೊದಲೇ ಹೇಳಿಡಬಹುದು: ತಕ್ಷಣ, ನಿಧಾನವಾಗಿ ದನಿ ಇಳಿಸುತ್ತಾ, ಇಲ್ಲವೇ ಲೂಪ್ ಮುಗಿದ ಮೇಲೆ. ದನಿ ಇಳಿಸೋದು ಸಿನಿಮಾ ಹಾಡಿಗೆ ಸರಿ. ನಮ್ಮ ತಾಳಕ್ಕೆ ಮೂರನೆಯದೇ ಸೈ. ಯಂತ್ರ ಎಂಟಕ್ಷರ ಮುಗಿಸಿ ಸುಮ್ಮನಾಗುತ್ತದೆ, ಮುಂದಿನ ಸಮದ "ತೋಂ" ಮೃದಂಗದವರ ಪಾಲು.

ಮೇಷ್ಟ್ರಿಗೆ ಈಗ ಹುರುಪು ಬಂದಿದೆ. "ಎಂಟರ ಜೊತೆ ಐದು ಓಡಿಸೋಣ, ಖಂಡಛಾಪು" ಅಂದರು. ಅದು ಐದಕ್ಷರದ ತಾಳ. ಎರಡೂ ಸಮಕ್ಕೆ ಕೂಡೋದು 40 ಅಕ್ಷರಕ್ಕೊಮ್ಮೆ, ಇದೇ ವೇಗದಲ್ಲಿ 30 ಸೆಕೆಂಡ್. ಒಂದೇ ಟ್ರ್ಯಾಕ್ ಇರುವ ನನ್ನ ಲೂಪರ್‌ನಲ್ಲೂ ಆಗುತ್ತದೆ: ಮೊದಲು ಐದಕ್ಷರದ್ದನ್ನು ಎಂಟು ಸಲ ಒಂದೇ ಲೂಪ್ ಆಗಿ ತುಂಬಬೇಕು, ಆಮೇಲೆ ಅದರ ಮೇಲೆ ಎಂಟಕ್ಷರದ್ದು ಐದು ಸಲ. ಮುಂದಿನ ಭಾನುವಾರಕ್ಕೆ ಹುಡುಗನಿಗೆ ಅದೇ ಪಾಠ.